ಜಿಗಣೆಯ ಹೊಟ್ಟೆಕಿಚ್ಚು

ಈರಯ್ಯ ಪಂಡಿತರ ಗಾಜಿನ ಭರಣಿಯಲ್ಲಿ ಒಂದು ಜಿಗಣೆ ಇತ್ತು. ಊದಿದ ಕಾಲಿಗೆ ಕಚ್ಚಿ ಕೆಟ್ಟ ರಕ್ತ ಹೀರುವುದೇ ಅದರ ಕಸುಬು. ಮೂರು ವರ್ಷದಿಂದ ಮಲಕವ್ವನ ಕಾಲು ಅದರದ್ದೇ ಪಾಲು. ಅಷ್ಟರಲ್ಲಿ ಪಕ್ಕದ ಕೋಣೆಗೆ ರಕ್ತ ಪರೀಕ್ಷೆಯ ಹೊಸ ಯಂತ್ರ ಬಂತು ನೋಡಿ, ಒಂದೇ ಹನಿಯಲ್ಲಿ ಅವಳ ಕಾಯಿಲೆಯ ಹೆಸರು ಹೇಳಿಬಿಟ್ಟಿತು. ಜಿಗಣೆಯ ಹೊಟ್ಟೆಯೊಳಗೆ ಒಲೆ ಹೊತ್ತಿಕೊಂಡಿತು.

"ಲೇ, ನಿನ್ನೆ ಮೊನ್ನೆ ಬಂದವನೇ, ಅವಳ ರಕ್ತವನ್ನು ನಾನು ಹೊಟ್ಟೆ ಬಿರಿಯ ಕುಡಿದಿದ್ದೇನೆ. ನೀನು ಒಂದು ಹನಿ ನೆಕ್ಕಿ ನನಗಿಂತ ಹೆಚ್ಚು ತಿಳಿದೆಯಾ?"

"ರುಚಿ ಹೇಗಿತ್ತಕ್ಕಾ?" ಎಂದಿತು ಯಂತ್ರ.

"ಉಪ್ಪಗಿತ್ತು."

"ಬೇರೆಯವರದ್ದು?"

"ಅದೂ ಉಪ್ಪಗೇ."

"ನೋಡು ಮತ್ತೆ. ಪಂಡಿತರು ಬಾಯಿಗೆ ಅರಿಶಿನ ಸವರಿದ ಕೂಡಲೇ ಕುಡಿದದ್ದೆಲ್ಲ ಕಕ್ಕಿ ಮರೆತುಬಿಡುತ್ತೀ. ನಾನು ಒಂದು ಹನಿಯಲ್ಲಿರುವ ಸಾವಿರಾರು ಬಗೆಯ ಅಣುಗಳನ್ನು ಲಕ್ಷ ಜನರ ಹನಿಯ ಪಕ್ಕದಲ್ಲಿಟ್ಟು ನೋಡುತ್ತೇನೆ. ವ್ಯತ್ಯಾಸ ಕಂಡಲ್ಲಿ ರೋಗ ಹಿಡಿಯುತ್ತೇನೆ."

"ಹೋಗೋ, ಊರವರ ಗುಟ್ಟೆಲ್ಲ ಕೂಡಿಟ್ಟುಕೊಂಡವನೇ. ನಮ್ಮ ಪಂಡಿತರಿಗೆ ನಂಬಿಕೆ ಇರುವುದು ನನ್ನ ಮೇಲೆ."

ಯಂತ್ರ ಹೇಳಿದ ಕಾಯಿಲೆಗೆ ಮದ್ದು ತಿಂದ ಮಲಕವ್ವ ಮುಂದಿನ ತಿಂಗಳು ಊತ ಇಳಿದ ಕಾಲಿಗೆ ಹೊಸ ಚಪ್ಪಲಿ ಮೆಟ್ಟಿಕೊಂಡು ಬಂದು ಹೋದಳು. ಅವಳು ಅತ್ತ ಹೋದದ್ದೇ ತಡ, ಪಂಡಿತರು ಆಚೀಚೆ ನೋಡುತ್ತಾ ಪಕ್ಕದ ಕೋಣೆಗೆ ನುಸುಳಿದರು. ಅವರು ಅಂಗಿಯ ತೋಳು ಮಡಚಿ ಯಂತ್ರದ ಮುಂದೆ ಕೈ ಚಾಚಿದ್ದನ್ನು ಜಿಗಣೆ ಗಾಜಿಗೆ ಅಂಟಿಕೊಂಡೇ ನೋಡಿತು.