ನಾಲ್ಕೆಕರೆ ಹುಲ್ಲು ಮತ್ತು ಅವಸರದ ಎಮ್ಮೆ

ಹೊನ್ನಾಜಮ್ಮನಿಗೆ ನಾಲ್ಕೆಕರೆ ಸೀಮೆಹುಲ್ಲು, ಎಂಟು ಎಮ್ಮೆ. ಕುಡುಗೋಲು ದಿನಕ್ಕೊಂದು ಪಟ್ಟೆ ಕೊಯ್ದು ಹಾಕುತ್ತಿತ್ತು. ಹುಲ್ಲು ಕೊಯ್ಯುವ ಮಷೀನೊಂದು ಅಂಗಳಕ್ಕೆ ಬಂದಾಗ, ಇಬ್ಬರಲ್ಲಿ ಯಾರನ್ನು ಇಟ್ಟುಕೊಳ್ಳಲಿ ಅಂತ ಆಕೆ ಹಿರಿ ಎಮ್ಮೆಯನ್ನೇ ಕೇಳಿದಳು.

"ಈ ಕುಡುಗೋಲಣ್ಣ ನಾಲ್ಕೆಕರೆ ಮುಗಿಸೋದ್ರೊಳಗೆ ನನ್ನ ಕರು ಮುದಿ ಎಮ್ಮೆ ಆಗಿರುತ್ತೆ. ಮಷೀನಪ್ಪನವರೇ, ನಿಮಗೆಷ್ಟು ದಿನ ಬೇಕು?"

"ದಿನ ಯಾಕೆ? ಒಂದು ಬೆಳಗ್ಗೆ ಸಾಕು," ಎಂದಿತು ಮಷೀನು.

"ಅಮ್ಮಾ, ಇವರೇ ಇರಲಿ."

ಮಷೀನು ಮಾತಿಗೆ ತಪ್ಪಲಿಲ್ಲ. ಎಮ್ಮೆಗಳು ಹೊಟ್ಟೆ ಬಿರಿಯ ತಿಂದವು. ಮೂರನೇ ದಿನ ಮಿಕ್ಕ ಹಸಿಹುಲ್ಲಿನ ರಾಶಿ ಒಳಗೇ ಬೆಂದು ಬೂಷ್ಟು ಹಿಡಿಯಿತು. ಹಿರಿ ಎಮ್ಮೆ ಕೊಟ್ಟಿಗೆಯಿಂದ ಕತ್ತು ಚಾಚಿ ನೋಡಿದರೆ, ಆಚೆ ಬೇಲಿವರೆಗೂ ಬೋಳು ನೆಲ. ಮೆಲುಕು ಹಾಕುತ್ತಿದ್ದ ಬಾಯಿ ತೆರೆದದ್ದು ತೆರೆದ ಹಾಗೇ ನಿಂತಿತು.

"ಕುಡುಗೋಲಣ್ಣ, ನೀನು ಕೊಯ್ಯುವಾಗ ಹುಲ್ಲು ಮುಗೀತಾನೇ ಇರಲಿಲ್ಲವಲ್ಲೋ?"

"ನಾನು ಕೊನೇ ಪಟ್ಟೆಗೆ ಬರುವಷ್ಟರಲ್ಲಿ ಮೊದಲನೇದು ಮತ್ತೆ ಸೊಂಟದೆತ್ತರ ಬೆಳೆದಿರುತ್ತಿತ್ತು, ಅಕ್ಕಾ," ಎಂದಿತು ಸೂರಿನಲ್ಲಿ ಸಿಕ್ಕಿಸಿದ್ದ ಕುಡುಗೋಲು.

"ಹಾಗಾದರೆ ಈಗ ಅದು ಬೆಳೆಯೋವರೆಗೆ ನಾವೇನು ತಿನ್ನೋದು?"

ಮಷೀನು ಮೈ ಒರೆಸಿಕೊಂಡು ನಿಂತಿತ್ತು. "ಅದು ನನ್ನ ಕೆಲಸ ಅಲ್ಲ. ಒಂದೆಳೆ ತಲೆ ಎತ್ತಿದ ಕೂಡಲೇ ಹೇಳಿ ಕಳಿಸಿ, ಬಂದು ಹೀಗೇ ಚೊಕ್ಕ ಮಾಡಿಕೊಡುತ್ತೇನೆ."