ನಟಿ ಕಲಿತ ತನ್ನ ದನಿ

“ಗುರುಗಳೇ, ನಾನು ಹಾಡಿದರೆ ಥೇಟ್ ನೀವೇ ಹಾಡಿದಂತಿದೆ ಎಂದು ಊರೆಲ್ಲ ಹೊಗಳುತ್ತದೆ. ನೀವೊಬ್ಬರೇ ಯಾಕೆ ಏನೂ ಹೇಳುವುದಿಲ್ಲ?” ಎಂದು ಶಿಷ್ಯ ಚೆನ್ನವೀರ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಜಪಾನಿನಲ್ಲಿ ಒಬ್ಬ ನಟಿಯಿದ್ದಳು. ಆಗಿನ್ನೂ ಸಿನಿಮಾಕ್ಕೆ ಮಾತು ಬಂದಿರಲಿಲ್ಲ. ಅಲ್ಲಿನ ಪದ್ಧತಿಯಂತೆ ಪರದೆಯ ಪಕ್ಕದಲ್ಲಿ ಕತೆಗಾರನೊಬ್ಬ ನಿಂತು ಎಲ್ಲ ಪಾತ್ರಗಳ ಮಾತನ್ನೂ ತಾನೇ ಆಡುತ್ತಿದ್ದ. ನಟಿಯ ತುಟಿ ಅಲ್ಲಾಡಿದರೆ ಆತ ಗಂಟಲು ಸಣ್ಣ ಮಾಡಿ ಹೆಣ್ಣುದನಿ ತೆಗೆಯುತ್ತಿದ್ದ. ಮೀಸೆಯ ಗಂಡಸು ಕಣ್ಣೆದುರಿಗೇ ನಿಂತಿದ್ದರೂ ಜನ ಅದು ಅವಳದೇ ದನಿ ಎಂದು ಹತ್ತು ವರ್ಷ ಕಣ್ಣೀರಿಟ್ಟರು. ನಂಬುವ ಹಟ ಹಿಡಿದವರಿಗೆ ಹೇಳುವವರಾರು!

ಮಾತಿನ ಸಿನಿಮಾ ಬಂತು. ನಟಿ ಹಿಗ್ಗಿದಳು. ಮೀನುಗಾರರ ಮಗಳು ಅವಳು. ಅಲೆಯ ಸದ್ದಿಗೆ ಎದುರಾಗಿ ಕೂಗಿ ಬೆಳೆದ ದಪ್ಪ ದನಿ. ಮೊದಲ ದಿನ ಜನರ ನಡುವೆ ಮುಸುಕು ಹಾಕಿ ಕುಳಿತಳು. ಪರದೆಯ ಮೇಲೆ ಅವಳು ಬಾಯಿ ತೆರೆದದ್ದೇ ತಡ, ಒಬ್ಬ ಎದ್ದು ಕೂಗಿದ: “ಮೋಸ! ಇದು ಅವಳ ದನಿಯಲ್ಲ!” ಇಡೀ ಚಿತ್ರಮಂದಿರ ದನಿಗೂಡಿಸಿತು. ನಟಿಗೆ ಸಿಡಿಲು ಬಡಿದಂತಾಯಿತು.

ಕೆಲಸ ಕಳೆದುಕೊಂಡು ಮನೆಯಲ್ಲಿ ಕುಳಿತಿದ್ದ ಆ ಕತೆಗಾರನ ಬಳಿಗೆ ಹೋದಳು. “ನನ್ನ ದನಿಯನ್ನು ನನಗೆ ಕಲಿಸಿಕೊಡಿ,” ಎಂದಳು. ಆತ ಬೆಚ್ಚಿಬಿದ್ದ. ಆದರೂ ಕಲಿಸಿದ.

ಆ ದನಿಯಲ್ಲೇ ನಟಿಸಿದಳು, ಹಾಡಿದಳು. ಅವಳ ಗ್ರಾಮಫೋನ್ ತಟ್ಟೆ ಇಲ್ಲದ ಮನೆಯಿರಲಿಲ್ಲ. ನಮ್ಮವಳು ಮರಳಿ ಬಂದಳೆಂದು ಜನ ತಲೆಯ ಮೇಲೆ ಹೊತ್ತು ಮೆರೆಸಿದರು.

ಬಹಳ ವರ್ಷಗಳ ಮೇಲೆ, ತಾಯಿಗೆ ಕಾಯಿಲೆ ಎಂದು ತಿಳಿದು ಊರಿಗೆ ಓಡಿದಳು. ಮುದುಕಿಯ ಕಣ್ಣು ಹೋಗಿತ್ತು. ಮಗಳ ಮಾತೊಂದು ಕಿವಿಗೆ ಬೀಳಲಿ ಎಂದು ಜೀವ ಹಿಡಿದುಕೊಂಡಿದ್ದಳು.

“ಅಮ್ಮಾ, ನಾನು ಬಂದೆ.”

“ಯಾರಮ್ಮಾ ನೀವು? ಸ್ವಲ್ಪ ಸರಿದು ನಿಲ್ಲಿ, ನನ್ನ ಮಗಳು ಬರುತ್ತಾಳೆ.”

ನಟಿ ದಂಗಾದಳು. ಹಳೆಯ ದನಿಗಾಗಿ ಗಂಟಲು ಹರಿಯುವಂತೆ ಕೂಗಿದಳು. ಹೊರಟಿದ್ದು ಆ ಗಂಡಸಿನ ಹೆಣ್ಣುದನಿಯೇ. ತಾಯಿ ಬಾಗಿಲ ಕಡೆಗೆ ಕಿವಿಯಿಟ್ಟುಕೊಂಡೇ ಪ್ರಾಣ ಬಿಟ್ಟಳು.

ಕತೆ ಮುಗಿಯಿತು. ಗುರುಗಳು ಕಿಟಕಿಯಾಚೆ ನೋಡಿದರು.

“ನಿನ್ನ ತಾಯಿ ಬಂದು ಹೊರಗಿನ ಜಗುಲಿಯಲ್ಲಿ ಕುಳಿತಿದ್ದಾಳೆ, ಇಲ್ಲಿಂದಲೇ ಒಮ್ಮೆ ಕೂಗು, ಚೆನ್ನವೀರ.”