ಮೈಕು ಕೆಟ್ಟಿದೆ ಅಂದರು ಸಾಹೇಬರು

ಹಾಲಿನ ಸೊಸೈಟಿಯ ಚುನಾವಣೆ. ಶಾಲೆಯಲ್ಲಿ ಮತ ಎಣಿಕೆ ನಡೆದಿತ್ತು. ಒಂದೊಂದು ಸ್ಥಾನದ ಎಣಿಕೆ ಮುಗಿದಂತೆ ಚುನಾವಣಾಧಿಕಾರಿ ಸಾಹೇಬರು ಗೆದ್ದವರ ಹೆಸರನ್ನು ಮೈಕಿನಲ್ಲಿ ಹೇಳುತ್ತಿದ್ದರು. ಕೊನೆಯ ಸ್ಥಾನಕ್ಕೆ ಬಂದಾಗ ಅವರ ಕಣ್ಣು ಒಂದು ಸಾಲು ಜಾರಿತು. ಗೆದ್ದ ನೀಲಪ್ಪನ ಬದಲು ಸೋತ ಗುರುಸಿದ್ಧಪ್ಪನ ಹೆಸರು ಹೇಳಿಬಿಟ್ಟರು. ಹೊರಗೆ ಗುಲಾಲು ಹಾರಿತು. ಒಳಗೆ ನೀಲಪ್ಪನ ಏಜೆಂಟರು ಮೇಜು ಗುದ್ದಿದರು.

ಸಾಹೇಬರು ಮೈಕ್ ಸೆಟ್ಟಿನ ಮೌಲಾಸಾಬನನ್ನು ಕರೆದರು. “ನಿನ್ನ ಮೈಕು ಕೆಟ್ಟಿದೆ. ಅದಕ್ಕೇ ಹೆಸರು ತಪ್ಪಾಗಿ ಕೇಳಿಸಿತು ಅಂತ ನೀನೇ ಜನಕ್ಕೆ ಹೇಳು.”

ಮುಂದಿನ ವಾರ ಅದೇ ಮೈಕು ಗೌಡರ ಮನೆಯ ಮದುವೆಗೆ ಹೋಗಬೇಕಿತ್ತು. ಕೆಟ್ಟದ್ದು ಅಂತ ಊರಿಗೆ ಗೊತ್ತಾದರೆ ಯಾರು ಕರೀತಾರೆ? ಆದರೂ ಮೌಲಾಸಾಬ ಎದುರಾಡಲಿಲ್ಲ. “ಆಗ್ಲಿರಿ ಸಾಹೇಬ್ರ” ಅಂದು ಮೈಕು ಕೈಗೆ ತಗೊಂಡ.

“ಎಲ್ಲಾರೂ ಕೇಳ್ರಿ. ಈ ಮೈಕು ಕೆಟ್ಟೈತಂತ ಸಾಹೇಬ್ರು ಹೇಳ್ಯಾರ. ಮುಂಜಾನಿಯಿಂದ ಇದ್ರಾಗ ಹೇಳಿದ ಯಾವ ಹೆಸರೂ ಖರೇ ಅಂತ ತಿಳೀಬ್ಯಾಡ್ರಿ. ಸೋತು ಮನಿಗೆ ಹೋದವ್ರೆಲ್ಲ ತಿರುಗಿ ಬರ್ರಿ.”

ಚಹಾದಂಗಡಿಯಲ್ಲಿ ಮುಖ ಬಾಡಿಸಿಕೊಂಡು ಕೂತಿದ್ದ ಸೋತವರು ಎದ್ದರು. ಗೆದ್ದವರು ಕೊರಳಲ್ಲಿ ಹಾರ ಇದ್ದಂತೆಯೇ ಓಡಿ ಬಂದರು. ಶಾಲೆಯ ಗೇಟು ಅಲುಗಾಡತೊಡಗಿತು.

ಸಾಹೇಬರು ಬೆವರುತ್ತ ಮೈಕು ಕಸಿದುಕೊಂಡರು. “ಮೈಕು ಸರಿಯಾಗಿದೆ. ಉಳಿದ ಹೆಸರೆಲ್ಲ ಸರಿ. ಕೊನೆಯದನ್ನು ನಾನೇ ತಪ್ಪಾಗಿ ಓದಿದೆ. ಗೆದ್ದವರು ನೀಲಪ್ಪ.”

ಮೌಲಾಸಾಬ ಬಗ್ಗಿ ಸೌಂಡು ಪೂರ್ತಿ ಏರಿಸಿದ.

“ಇನ್ನೊಮ್ಮೆ ಹೇಳ್ರಿ ಸಾಹೇಬ್ರ. ಮದುವಿ ಮನಿಯವ್ರಿಗೂ ಕೇಳಲಿ.”